ಮೊದಲ ಮನೆಗೆ ಗೃಹಸಾಲ ರಕ್ಷಣಾ ವಿಮೆ: ಕೈಗೆಟಕುವ ಪಾಲಿಸಿಯನ್ನು ಆರಿಸುವ ಕ್ರಮ

ಮೊದಲ ಬಾರಿಗೆ ಮನೆ ಕೊಳ್ಳುವವರಲ್ಲಿ ಬಹಳಷ್ಟು ಮಂದಿ ಗೃಹಸಾಲದ ವಿಮೆಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡು, ಸಾಲಪತ್ರಗಳಿಗೆ ಸಹಿ ಹಾಕುವ ದಿನವೇ ಸಾಲದಾತರು ಮುಂದಿಟ್ಟ ಅರ್ಜಿಗೂ ಒಂದು ಸಹಿ ಹಾಕಿ ಮುಗಿಸಿಬಿಡುತ್ತಾರೆ. ಪ್ರೀಮಿಯಂ ವಿಪರೀತವಾಯಿತು, ಸಾಲ ಉಳಿದಿರುವಾಗಲೇ ವಿಮೆಯ ಅವಧಿ ಮುಗಿಯಿತು, ಕ್ಲೇಮ್ ತಿರಸ್ಕೃತವಾಯಿತು ಎಂದು ಆಮೇಲೆ ಕೇಳಿಬರುವ ದೂರುಗಳ ಬೇರು ಹುಡುಕುತ್ತ ಹೋದರೆ ಅದು ಹೆಚ್ಚಾಗಿ ಆ ಅವಸರದ ಸಹಿಯಲ್ಲೇ ಸಿಗುತ್ತದೆ. ಯಾವ ಕಂಪನಿ ಒಳ್ಳೆಯದು ಎಂಬ ಚರ್ಚೆ ಇಲ್ಲಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಎಲ್ಲಿ ಎಚ್ಚರ ತಪ್ಪುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಲೆಕ್ಕಗಳಲ್ಲಿ ಸಾಲದ ಮೊತ್ತವನ್ನು 100 ಎಂದು ಇಟ್ಟುಕೊಂಡಿದ್ದೇನೆ. ನಿಮ್ಮ ಸಾಲ ಯಾವ ನಾಣ್ಯದಲ್ಲಿದ್ದರೂ ಎಷ್ಟೇ ಇದ್ದರೂ ಅದೇ ಅನುಪಾತದಲ್ಲಿ ಹಿಗ್ಗಿಸಿ ನೋಡಬಹುದು.

ಮೊದಲು ಕೈಗೆ ತೆಗೆದುಕೊಳ್ಳಬೇಕಾದ ಕಾಗದಗಳು

ಸಾಲ ಮಂಜೂರಾತಿಯ ಪತ್ರ ಅಥವಾ ಅದರ ಕರಡು, ಪ್ರತಿ ಕಂತಿನಲ್ಲಿ ಅಸಲೆಷ್ಟು ಬಡ್ಡಿಯೆಷ್ಟು ಎಂದು ತೋರಿಸುವ ಮರುಪಾವತಿ ಪಟ್ಟಿ, ಈಗಾಗಲೇ ಇರುವ ಜೀವವಿಮಾ ಪಾಲಿಸಿಗಳು, ಉದ್ಯೋಗದಾತರು ಕೊಟ್ಟಿರುವ ಗುಂಪು ವಿಮೆಯ ಪತ್ರ, ಇತ್ತೀಚಿನ ವರ್ಷಗಳ ವೈದ್ಯಕೀಯ ವರದಿಗಳು ಮತ್ತು ಈಗ ಸೇವಿಸುತ್ತಿರುವ ಔಷಧಿಗಳ ಪಟ್ಟಿ, ಇವಿಷ್ಟನ್ನು ಒಂದೇ ಕಡತದಲ್ಲಿ ಸೇರಿಸಿಕೊಳ್ಳಿ. ಮರುಪಾವತಿ ಪಟ್ಟಿಯನ್ನು ಕೇಳದ ಹೊರತು ಕೆಲವರು ಕೊಡುವುದಿಲ್ಲ, ಕೇಳಿ ಪಡೆಯಿರಿ. ಲೆಕ್ಕ ಹಾಕಲು ಕಂಪ್ಯೂಟರಿನ ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು.

ಕೆಲಸ ಆರಂಭಿಸಬೇಕಾದದ್ದು ಸಾಲದ ಅರ್ಜಿ ಹಾಕುವ ವೇಳೆಗೇ. ವಿಮಾ ಕಂಪನಿ ವೈದ್ಯಕೀಯ ಪರೀಕ್ಷೆ ಕೇಳಿದರೆ, ಅಥವಾ ನಿಮ್ಮ ವೈದ್ಯರಿಂದ ವರದಿ ತರಿಸಿಕೊಳ್ಳಬೇಕೆಂದರೆ, ಹಲವು ವಾರಗಳು ಹಿಡಿಯಬಹುದು. ಸಾಲ ಬಿಡುಗಡೆಯ ಹಿಂದಿನ ದಿನ ನಿಮಗೆ ಆಯ್ಕೆ ಮಾಡುವ ಸ್ವಾತಂತ್ರ್ಯವೇ ಉಳಿದಿರುವುದಿಲ್ಲ. ಸಿಕ್ಕಿದ್ದಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ.

ಹಂತ 1: ವಿಮೆ ಯಾರನ್ನು ಕಾಪಾಡುತ್ತದೆ ಎಂದು ಕೇಳಿ

ಮನೆ ಕೊಳ್ಳುವಾಗ ಕಿವಿಗೆ ಬೀಳುವ ವಿಮೆಗಳು ನಾಲ್ಕು ಬಗೆಯವು, ಹೆಸರುಗಳೋ ಒಂದಕ್ಕೊಂದು ಅಂಟಿಕೊಂಡಂತಿರುತ್ತವೆ. ಮೊದಲನೆಯದು ಸಾಲಗಾರ ಕಂತು ನಿಲ್ಲಿಸಿದರೆ ಸಾಲದಾತರಿಗಾಗುವ ನಷ್ಟವನ್ನು ತುಂಬಿಕೊಡುವ ವಿಮೆ. ಇದರ ಪ್ರೀಮಿಯಂ ಕಟ್ಟುವವರು ನೀವಾದರೂ ನಿಮ್ಮ ಮರಣಾನಂತರ ಕುಟುಂಬಕ್ಕೆ ಇದರಿಂದ ಏನೂ ಬರುವುದಿಲ್ಲ. ಅಮೆರಿಕದಲ್ಲಿ ಮುಂಗಡ ಹಣ ಮನೆಯ ಬೆಲೆಯ ಶೇ. 20ಕ್ಕಿಂತ ಕಡಿಮೆ ಇದ್ದಾಗ ಸಾಮಾನ್ಯವಾಗಿ ಕೇಳುವ ಪಿಎಂಐ (ಪ್ರೈವೇಟ್ ಮಾರ್ಟ್‌ಗೇಜ್ ಇನ್ಶೂರೆನ್ಸ್, ಅಂದರೆ ಖಾಸಗಿ ಗೃಹಸಾಲ ವಿಮೆ) ಈ ಜಾತಿಯದು. ಅಲ್ಲಿನ 1998ರ ಕಾಯಿದೆಯ ಪ್ರಕಾರ ಉಳಿದ ಸಾಲ ಮನೆಯ ಮೂಲ ಬೆಲೆಯ ಶೇ. 80ಕ್ಕೆ ಇಳಿದಾಗ ಅದನ್ನು ರದ್ದು ಮಾಡುವಂತೆ ಸಾಲಗಾರ ಕೇಳಬಹುದು, ಕಂತುಗಳು ಬಾಕಿಯಿಲ್ಲದಿದ್ದರೆ ಶೇ. 78ಕ್ಕೆ ಅದು ತಾನಾಗಿಯೇ ನಿಲ್ಲಬೇಕು. ಎರಡನೆಯದು ಬೆಂಕಿ, ಪ್ರವಾಹ ಮುಂತಾದವುಗಳಿಂದ ಕಟ್ಟಡಕ್ಕಾಗುವ ಹಾನಿಯ ವಿಮೆ. ಮೂರನೆಯದು ಸಾಲಗಾರ ತೀರಿಕೊಂಡರೆ ಉಳಿದ ಸಾಲವನ್ನು ತೀರಿಸುವ ಜೀವವಿಮೆ. ನಾಲ್ಕನೆಯದು ಕಾಯಿಲೆಯಿಂದಲೋ ಕೆಲಸ ಹೋಗಿಯೋ ಸಂಪಾದನೆ ನಿಂತಾಗ ಒಂದಷ್ಟು ತಿಂಗಳು ಕಂತು ಕಟ್ಟುವ ವಿಮೆ.

ಈ ಮಾರ್ಗದರ್ಶಿ ಮುಖ್ಯವಾಗಿ ಮೂರನೆಯದನ್ನು ಕುರಿತದ್ದು. ಮುಂದೆ ಬಂದ ಅರ್ಜಿ ಯಾವ ಬಗೆಯದು ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ನಾನು ಸತ್ತರೆ ಹಣ ಎಷ್ಟು ಬರುತ್ತದೆ, ಯಾರ ಖಾತೆಗೆ ಬರುತ್ತದೆ? ಇದಕ್ಕೆ ನೇರ ಉತ್ತರ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ಇದರ ಜೊತೆಗೇ ಇತ್ಯರ್ಥವಾಗಬೇಕಾದ ಇನ್ನೊಂದು ಪ್ರಶ್ನೆ ಕಡ್ಡಾಯದ್ದು. ವಿಮೆ ಇರಲೇಬೇಕು ಎಂಬುದು ಒಂದು ಮಾತು, ಆ ವಿಮೆಯನ್ನು ನಮ್ಮಲ್ಲೇ ಕೊಳ್ಳಬೇಕು ಎಂಬುದು ಬೇರೆಯೇ ಮಾತು. ಮಾರುವವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಐರ್ಲೆಂಡಿನಲ್ಲಿ 1995ರ ಗ್ರಾಹಕ ಸಾಲ ಕಾಯಿದೆಯೇ, ಕೆಲವು ವಿನಾಯಿತಿಗಳೊಂದಿಗೆ, ಗೃಹಸಾಲಕ್ಕೆ ಜೀವವಿಮೆ ಬೇಕೆನ್ನುತ್ತದೆ, ಆದರೂ ಸಾಲದಾತರಿಂದಲೇ ಕೊಳ್ಳಬೇಕೆಂದಿಲ್ಲ. ಫ್ರಾನ್ಸಿನಲ್ಲಿ 2022ರ ಲೆಮ್ವಾನ್ ಕಾಯಿದೆ ಬಂದ ಮೇಲೆ, ಸಮಾನ ರಕ್ಷಣೆ ಕೊಡುವ ಬೇರೆ ಕಂಪನಿಯ ವಿಮೆಗೆ ಸಾಲಗಾರ ಯಾವಾಗ ಬೇಕಾದರೂ ಬದಲಾಯಿಸಿಕೊಳ್ಳಬಹುದು. ನಿಮ್ಮಲ್ಲಿನ ನಿಯಮ ಏನೆಂದು ಸಾಲದಾತರಿಂದ ಬರಹದಲ್ಲಿ ಕೇಳಿ. ಬಾಯಲ್ಲಿ ಕಡ್ಡಾಯವಾಗಿದ್ದದ್ದು ಮಿಂಚಂಚೆಯಲ್ಲಿ ಐಚ್ಛಿಕವಾಗುವುದು ಅಪರೂಪವೇನಲ್ಲ.

ಹಂತ 2: ಸಾಲ ಯಾವ ವೇಗದಲ್ಲಿ ಇಳಿಯುತ್ತದೆ ಎಂದು ನೋಡಿ

ಸಾಲ ವರ್ಷದಿಂದ ವರ್ಷಕ್ಕೆ ಸಮನಾಗಿ ಕರಗುತ್ತದೆ ಎಂಬ ಊಹೆಯಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ. ಶೇ. 9ರ ಬಡ್ಡಿಗೆ 20 ವರ್ಷಗಳ ಅವಧಿಗೆ 100ರ ಸಾಲ ಪಡೆದಿದ್ದೀರಿ, ತಿಂಗಳ ಕಂತು ಬದಲಾಗುವುದಿಲ್ಲ ಎಂದುಕೊಳ್ಳಿ. 5 ವರ್ಷ ಕಟ್ಟಿದ ಮೇಲೂ ಸುಮಾರು 89 ಉಳಿದಿರುತ್ತದೆ. 10 ವರ್ಷಕ್ಕೆ, ಅಂದರೆ ಅರ್ಧ ಅವಧಿ ಕಳೆದಾಗ, 71 ಉಳಿದಿರುತ್ತದೆ. 15 ವರ್ಷಗಳ ಕೊನೆಗೆ 43. ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯದೇ ದೊಡ್ಡ ಪಾಲು ಇರುವುದರಿಂದ ಅಸಲು ನಿಧಾನವಾಗಿ ಕರಗಿ, ಕೊನೆಯ ಕೆಲವು ವರ್ಷಗಳಲ್ಲಿ ಸರಸರನೆ ಇಳಿಯುತ್ತದೆ.

ಬದಲಾಗುವ ಬಡ್ಡಿಯ ಸಾಲವಾದರೆ ಇನ್ನೊಂದು ಲೆಕ್ಕವನ್ನೂ ಮಾಡಲೇಬೇಕು. ಬಡ್ಡಿ ಏರಿದಾಗ ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಲಂಬಿಸುವ ಪದ್ಧತಿ ಹಲವೆಡೆ ಇದೆ. ಮೇಲಿನ ಸಾಲದಲ್ಲೇ ಬಡ್ಡಿ ಆರಂಭದಲ್ಲೇ ಶೇ. 9ರಿಂದ ಶೇ. 10ಕ್ಕೆ ಏರಿ ಕಂತು ಬದಲಾಗದೆ ಉಳಿದರೆ, 20 ವರ್ಷಗಳ ಸಾಲ 26 ವರ್ಷ ದಾಟುತ್ತದೆ. ನೀವು 20 ವರ್ಷಗಳ ವಿಮೆ ಮಾತ್ರ ಕೊಂಡಿದ್ದರೆ ಅದು ಮುಗಿಯುವ ದಿನ ಮೂಲ ಸಾಲದ ಹೆಚ್ಚುಕಡಿಮೆ ಅರ್ಧದಷ್ಟು, ಸುಮಾರು 50, ಇನ್ನೂ ತಲೆಯ ಮೇಲೆ ಇರುತ್ತದೆ. ಆ ಹೊತ್ತಿಗೆ ನಿಮ್ಮ ವಯಸ್ಸೂ 20 ವರ್ಷ ಹೆಚ್ಚಿರುವುದರಿಂದ ಹೊಸ ಪಾಲಿಸಿಯ ಪ್ರೀಮಿಯಂ ಬಹಳ ಏರಿರುತ್ತದೆ, ಆರೋಗ್ಯ ಕೆಟ್ಟಿದ್ದರೆ ಪಾಲಿಸಿಯೇ ಸಿಗದಿರಬಹುದು.

ಆದ್ದರಿಂದ ಸಾಲದ ಬಡ್ಡಿ ಬದಲಾಗುವಂಥದ್ದಾದರೆ ವಿಮೆಯ ಅವಧಿಯನ್ನು ಸಾಲದ ಅವಧಿಗಿಂತ ಕನಿಷ್ಠ 5 ವರ್ಷ ಹೆಚ್ಚಾಗಿ ಇಟ್ಟುಕೊಳ್ಳುವುದು ಒಳಿತು ಎಂಬುದು ನನ್ನ ಅಭಿಪ್ರಾಯ. ಆ ಹೆಚ್ಚುವರಿ ವರ್ಷಗಳು ಬೇಡವಾದರೆ ಪಾಲಿಸಿಯನ್ನು ಬಿಟ್ಟುಬಿಡಬಹುದು. ಬೇಕಾದಾಗ ಸೇರಿಸಿಕೊಳ್ಳಲು ಮಾತ್ರ ಆಗುವುದಿಲ್ಲ.

ಹಂತ 3: ಎಷ್ಟು ಮೊತ್ತ, ಯಾರ ಹೆಸರಿನಲ್ಲಿ

ಪ್ರೀಮಿಯಂ ಇಳಿಸುವ ಅತ್ಯಂತ ಪ್ರಾಮಾಣಿಕವಾದ ದಾರಿ ಬೇಡದ ರಕ್ಷಣೆಯನ್ನು ಕೊಳ್ಳದಿರುವುದು. ಅದಕ್ಕೆ ಮೊದಲು ಸಾಲದ ಮೊತ್ತವನ್ನು ಬರೆದುಕೊಂಡು, ಕುಟುಂಬದ ಇತರ ಅಗತ್ಯಗಳಿಗೆ ಮೀಸಲಾಗದ ಹಳೆಯ ಜೀವವಿಮೆ ಏನಾದರೂ ಇದ್ದರೆ ಅದನ್ನು ಕಳೆಯಿರಿ. ಮೀಸಲಾಗದ ಎಂಬ ಮಾತಿಗೆ ಒತ್ತು ಕೊಡಬೇಕು: ಮಕ್ಕಳ ಓದಿಗೆ, ಮನೆ ಖರ್ಚಿಗೆ ಎಂದು ಮೊದಲೇ ಮಾಡಿಟ್ಟಿದ್ದ ಪಾಲಿಸಿಯನ್ನು ಸಾಲದ ಲೆಕ್ಕಕ್ಕೂ ಹಿಡಿದರೆ ಒಂದೇ ಹಣವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಉದ್ಯೋಗದಾತರ ಗುಂಪು ವಿಮೆಯನ್ನು ಇಲ್ಲಿ ಕಳೆಯಬೇಡಿ; ಕೆಲಸ ಬಿಟ್ಟ ದಿನ ಸಾಮಾನ್ಯವಾಗಿ ಅದೂ ಹೋಗುತ್ತದೆ, ಸಾಲ ಮಾತ್ರ ಹೋಗುವುದಿಲ್ಲ.

ಇಬ್ಬರು ಸೇರಿ ಸಾಲ ತೆಗೆದುಕೊಳ್ಳುವಾಗ ಎಡವುವವರು ಹೆಚ್ಚು. ಜಂಟಿ ಸಾಲದಲ್ಲಿ ಸಾಮಾನ್ಯವಾಗಿ ಪ್ರತಿಯೊಬ್ಬರೂ ಇಡೀ ಸಾಲಕ್ಕೆ ಹೊಣೆಗಾರರು, ಅರ್ಧಕ್ಕಲ್ಲ. ಹಾಗಾಗಿ ಒಬ್ಬರ ಹೆಸರಿನಲ್ಲಿ ಮಾತ್ರ ವಿಮೆ ಮಾಡಿಸಿ, ಇನ್ನೊಬ್ಬರು ತೀರಿಕೊಂಡಾಗ ಇಡೀ ಕಂತು ಉಳಿದವರ ಒಂದೇ ಸಂಬಳದ ಮೇಲೆ ಬೀಳುವ ಪ್ರಸಂಗಗಳು ಆಗುತ್ತವೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಇಬ್ಬರಲ್ಲಿ ಯಾರೇ ಇಲ್ಲವಾದರೂ ಉಳಿದವರ ಆದಾಯದಿಂದ ಕಂತಿನ ಎಷ್ಟು ಪಾಲನ್ನು ಕಟ್ಟಬಹುದು? ಕಟ್ಟಲಾಗದ ಪಾಲಿಗೆ ತಕ್ಕಷ್ಟು ವಿಮೆ ಆ ಇಲ್ಲವಾಗುವವರ ಹೆಸರಿನಲ್ಲಿರಬೇಕು. ಒಬ್ಬರು ಆದಾಯದ ಶೇ. 70ನ್ನು, ಇನ್ನೊಬ್ಬರು ಶೇ. 30ನ್ನು ತರುತ್ತಿದ್ದರೆ, ಮೊದಲನೆಯವರ ಮೇಲೆ ಪೂರ್ಣ ಸಾಲಕ್ಕೆ, ಎರಡನೆಯವರ ಮೇಲೆ ಭಾಗಶಃ ವಿಮೆ ಸಾಕಾಗಬಹುದು. ಮನೆಯಲ್ಲಿದ್ದು ಸಂಬಳವಿಲ್ಲದೆ ಮಕ್ಕಳನ್ನೂ ಹಿರಿಯರನ್ನೂ ನೋಡಿಕೊಳ್ಳುವವರ ಪಾಲನ್ನು ಸೊನ್ನೆ ಎಂದು ಬರೆಯಬೇಡಿ. ಅವರಿಲ್ಲದಾಗ ಆ ಕೆಲಸಕ್ಕೆ ಹಣ ಕೊಡಬೇಕಾಗುತ್ತದೆ, ಆ ಹಣ ಕಂತಿನ ಹಣದಿಂದಲೇ ಕಡಿದುಹೋಗುತ್ತದೆ.

ಅವಲಂಬಿತರು ಯಾರೂ ಇಲ್ಲದೆ ಒಬ್ಬರೇ ಮನೆ ಕೊಳ್ಳುತ್ತಿದ್ದರೆ, ಕಾನೂನೋ ಸಾಲದಾತರ ಷರತ್ತೋ ಕೇಳದಿದ್ದಲ್ಲಿ, ಮರಣಕ್ಕೆ ಸಂಬಂಧಿಸಿದ ಈ ವಿಮೆ ಬೇಕಾಗದೆಯೇ ಇರಬಹುದು. ಮನೆ ಮಾರಿದರೆ ಸಾಲ ತೀರುತ್ತದೆ. ಅಂಥವರಿಗೆ ಆದಾಯ ನಿಂತಾಗ ನೆರವಾಗುವ ವಿಮೆ ಹೆಚ್ಚು ಉಪಯುಕ್ತ. ಮಾರುವವರು ಇದನ್ನು ಹೇಳುವ ಸಂಭವ ಕಡಿಮೆ.

ಹಂತ 4: ಇಳಿಯುವ ರಕ್ಷಣೆಯೋ, ಸಮಮೊತ್ತದ ರಕ್ಷಣೆಯೋ

ಇಳಿಯುವ ರಕ್ಷಣೆಯಲ್ಲಿ ವಿಮಾ ಮೊತ್ತ ಸಾಲದ ಜೊತೆ ಕಡಿಮೆಯಾಗುತ್ತ ಹೋಗುತ್ತದೆ, ಆದರೆ ಪ್ರೀಮಿಯಂ ಸಾಮಾನ್ಯವಾಗಿ ಇಳಿಯುವುದಿಲ್ಲ. ಸಮಮೊತ್ತದ ಟರ್ಮ್ ಪಾಲಿಸಿಯಲ್ಲಿ, ಅಂದರೆ ನಿಗದಿತ ಅವಧಿಯೊಳಗೆ ಮರಣವಾದರೆ ಮಾತ್ರ ಹಣ ಕೊಡುವ ಪಾಲಿಸಿಯಲ್ಲಿ, ಮೊದಲ ದಿನವೂ ಕೊನೆಯ ದಿನವೂ ಅದೇ ಮೊತ್ತ. ಒಂದೇ ವಯಸ್ಸು, ಒಂದೇ ಅವಧಿಗೆ ಇಳಿಯುವ ಪಾಲಿಸಿ ಅಗ್ಗವಾಗಿರಬೇಕು. ಹಾಗಿಲ್ಲದಿದ್ದರೆ ಅದನ್ನು ಕೊಳ್ಳಲು ಕಾರಣವೇ ಇಲ್ಲ.

ಇಳಿಯುವ ಪಾಲಿಸಿಯನ್ನು ಆರಿಸುವವರು ತಪ್ಪದೆ ನೋಡಬೇಕಾದ ಒಂದು ಸಾಲು ಪಾಲಿಸಿಯ ಒಳಪುಟಗಳಲ್ಲಿರುತ್ತದೆ: ವಿಮಾ ಮೊತ್ತವನ್ನು ಯಾವ ಬಡ್ಡಿದರದ ಪ್ರಕಾರ ಇಳಿಸಲಾಗುತ್ತದೆ ಎಂಬುದು. ನಿಮ್ಮ ಸಾಲದ ಬಡ್ಡಿ ಶೇ. 9 ಇದ್ದು, ಪಾಲಿಸಿ ಶೇ. 6ರ ಲೆಕ್ಕದಲ್ಲಿ ಇಳಿಯುತ್ತಿದ್ದರೆ, 20 ವರ್ಷಗಳ ಸಾಲದ 10ನೇ ವರ್ಷದ ಕೊನೆಗೆ ಸಾಲ 71 ಉಳಿದಿದ್ದರೂ ವಿಮೆ ಸುಮಾರು 64.5 ಮಾತ್ರ ಕೊಡುತ್ತದೆ. ವ್ಯತ್ಯಾಸವನ್ನು ಕುಟುಂಬವೇ ತುಂಬಬೇಕು. ಪಾಲಿಸಿಯ ದರ ಸಾಲದ ದರಕ್ಕಿಂತ ಒಂದೆರಡು ಅಂಶ ಹೆಚ್ಚಿರುವಂತೆ ನೋಡಿಕೊಂಡರೆ ಮೊತ್ತ ನಿಧಾನವಾಗಿ ಇಳಿಯುತ್ತದೆ, ಬಡ್ಡಿ ಏರಿದಾಗಲೂ ಸ್ವಲ್ಪ ಅವಕಾಶ ಉಳಿಯುತ್ತದೆ. ಇನ್ನು ಕೆಲವು ಪಾಲಿಸಿಗಳು ವರ್ಷಕ್ಕಿಷ್ಟು ಎಂದು ಸಮಾನ ಪ್ರಮಾಣದಲ್ಲಿ ಇಳಿಯುತ್ತವೆ. ಅಂಥದ್ದರಲ್ಲಿ 10ನೇ ವರ್ಷಕ್ಕೆ ವಿಮೆ 50, ಸಾಲ 71. ಅದನ್ನು ದೂರವಿಡಿ.

ನನ್ನ ಆಯ್ಕೆ ಕೇಳಿದರೆ, ಎರಡರ ಪ್ರೀಮಿಯಂ ನಡುವಿನ ಅಂತರ ನಿಮಗೆ ಹೊರೆಯೆನಿಸದಿದ್ದಲ್ಲಿ ಸಮಮೊತ್ತದ ಟರ್ಮ್ ಪಾಲಿಸಿಯನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಪಾಲಿಸಿಯ ಅವಧಿ ಮುಗಿಯುವವರೆಗೆ, ಸಾಲದ ಅವಧಿ ಲಂಬಿಸಿದರೂ, ಮನೆ ದುರಸ್ತಿಗೆಂದು ಹೆಚ್ಚುವರಿ ಸಾಲ ಪಡೆದರೂ ಅದು ತಾಳಿಕೊಳ್ಳುತ್ತದೆ. ಸಾಲ ತೀರಿ ಉಳಿದ ಹಣ ಕುಟುಂಬಕ್ಕೆ ಸಿಗುತ್ತದೆ. ಸ್ಥಿರ ಬಡ್ಡಿಯ ಸಾಲ, ಬಿಗಿಯಾದ ತಿಂಗಳ ಲೆಕ್ಕ, ಬೇರೆ ಜೀವವಿಮೆ ಸಾಕಷ್ಟಿದೆ ಎನ್ನುವವರಿಗೆ ಇಳಿಯುವ ಪಾಲಿಸಿ ಸರಿಹೊಂದುತ್ತದೆ.

ದಂಪತಿಗೆ ಜಂಟಿ ಪಾಲಿಸಿ ಕೊಡಮಾಡಿದಾಗ ಒಂದು ವಿಷಯ ನೆನಪಿರಲಿ. ಅಂಥ ಪಾಲಿಸಿಗಳಲ್ಲಿ ಹೆಚ್ಚಿನವು ಮೊದಲ ಮರಣಕ್ಕೆ ಹಣ ಕೊಟ್ಟು ಮುಗಿದುಹೋಗುತ್ತವೆ, ಉಳಿದವರಿಗೆ ಆಮೇಲೆ ವಿಮೆ ಇರುವುದಿಲ್ಲ. ಎರಡು ಪ್ರತ್ಯೇಕ ಪಾಲಿಸಿಗಳ ಒಟ್ಟು ಪ್ರೀಮಿಯಂ ಕೆಲವೊಮ್ಮೆ ಜಂಟಿ ಪಾಲಿಸಿಗಿಂತ ಸ್ವಲ್ಪವೇ ಹೆಚ್ಚಿರುತ್ತದೆ. ಮುಂದೆ ಇಬ್ಬರೂ ಬೇರೆಯಾದರೂ ಪ್ರತ್ಯೇಕ ಪಾಲಿಸಿಗಳಿಗೆ ತೊಡಕಿಲ್ಲ. ಎರಡಕ್ಕೂ ದರ ಕೇಳದೆ ತೀರ್ಮಾನಿಸಬೇಡಿ.

ಹಂತ 5: ಬೆಲೆಯನ್ನು ಪೂರ್ಣ ಅವಧಿಗೆ ಹೋಲಿಸಿ

ಕನಿಷ್ಠ ಮೂರು ಕಡೆ ದರ ಕೇಳಿ, ಅವುಗಳಲ್ಲಿ ಒಂದು ಸಾಲದಾತರದ್ದೇ ಆಗಿರಲಿ. ಮೂರೂ ಕಡೆ ಒಂದೇ ವಿಮಾ ಮೊತ್ತ, ಒಂದೇ ಅವಧಿ, ಒಂದೇ ಬಗೆಯ ರಕ್ಷಣೆ, ಒಂದೇ ತಂಬಾಕು ಮಾಹಿತಿ ಕೊಡಿ. ಒಬ್ಬರು 20 ವರ್ಷಕ್ಕೆ, ಇನ್ನೊಬ್ಬರು 15 ವರ್ಷಕ್ಕೆ ಹೇಳಿದ ದರಗಳನ್ನು ಪಕ್ಕಪಕ್ಕ ಇಟ್ಟು ಅಗ್ಗದ್ದನ್ನು ಆರಿಸಿಕೊಂಡವರು ಕಡಿಮೆಯಿಲ್ಲ.

ಇಡೀ ವಿಷಯದಲ್ಲಿ ಅತಿ ದುಬಾರಿ ಬೀಳುವ ತಪ್ಪು ಒಂದೇ ಕಂತಿನ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿಬಿಡುವುದು. ಕೈಯಿಂದ ಹಣ ಹೋಗದ ಕಾರಣ ಅದು ಉಚಿತವೆಂಬಂತೆ ಕಾಣುತ್ತದೆ. 100ರ ಸಾಲಕ್ಕೆ 3ರಷ್ಟು ಪ್ರೀಮಿಯಂ ಸೇರಿಸಿ 103 ಮಾಡಿದರು ಎಂದುಕೊಳ್ಳಿ. ಶೇ. 9ರ ಬಡ್ಡಿಯಲ್ಲಿ 20 ವರ್ಷ ಕಟ್ಟುವಾಗ ಆ 3ಕ್ಕೆ ನೀವು ಒಟ್ಟು ಸುಮಾರು 6.5 ಕಟ್ಟಿರುತ್ತೀರಿ, ಅಂದರೆ ಎರಡರಷ್ಟಕ್ಕೂ ಮೇಲೆ. ಸಾಲವನ್ನು 7ನೇ ವರ್ಷಕ್ಕೇ ತೀರಿಸಿದರೆ ಉಳಿದ 13 ವರ್ಷಗಳ ಪ್ರೀಮಿಯಂ ಹಿಂದೆ ಬರುತ್ತದೆಯೇ, ಬಂದರೆ ಯಾವ ಸೂತ್ರದ ಪ್ರಕಾರ ಎಂಬುದನ್ನು ಬರಹದಲ್ಲಿ ಪಡೆಯದೆ ಇಂಥದ್ದಕ್ಕೆ ಒಪ್ಪಬೇಡಿ. ವರ್ಷ ವರ್ಷ ಕಟ್ಟುವ ಪಾಲಿಸಿಯಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ: ಸಾಲ ತೀರಿತು, ವಿಮೆ ಬೇಡವೆನಿಸಿತು ಎಂದರೆ ಕಟ್ಟುವುದನ್ನು ನಿಲ್ಲಿಸಿದರಾಯಿತು.

ಹೋಲಿಕೆಯ ಹಾಳೆಯಲ್ಲಿ ಪ್ರತಿ ಪಾಲಿಸಿಯ ಎದುರು ಮೂರು ಅಂಕಣ ಮಾಡಿಕೊಳ್ಳಿ. ಮೊದಲ ಅಂಕಣದಲ್ಲಿ ಪೂರ್ಣ ಅವಧಿಗೆ, ತೆರಿಗೆಯನ್ನೂ ಸಾಲಕ್ಕೆ ಸೇರಿದ ಪ್ರೀಮಿಯಂನ ಬಡ್ಡಿಯನ್ನೂ ಒಳಗೊಂಡು, ಕಟ್ಟುವ ಒಟ್ಟು ಹಣ. ಎರಡನೆಯದರಲ್ಲಿ 10ನೇ ವರ್ಷದ ಕೊನೆಗೆ ಸಿಗುವ ವಿಮಾ ಮೊತ್ತ. ಮೂರನೆಯದರಲ್ಲಿ ಪ್ರೀಮಿಯಂ ಅವಧಿಯುದ್ದಕ್ಕೂ ಸ್ಥಿರವೋ ಅಥವಾ ಕಂಪನಿ ಮಧ್ಯದಲ್ಲಿ ಪರಿಷ್ಕರಿಸಬಹುದೋ ಎಂಬುದು. ಪರಿಷ್ಕರಿಸಬಹುದಾದ ಪ್ರೀಮಿಯಂ ಮೊದಲ ವರ್ಷ ಅಗ್ಗವಾಗಿ ಕಂಡು, ಬಿಡಲಾಗದ ವಯಸ್ಸಿನಲ್ಲಿ ಏರುವ ಸಾಧ್ಯತೆ ಇರುತ್ತದೆ. ಮೊದಲ ಬಾರಿಗೆ ಕೊಳ್ಳುವವರಿಗೆ ಸ್ಥಿರ ಪ್ರೀಮಿಯಮ್ಮೇ ಸರಿ.

ಲೆಕ್ಕ ಇನ್ನೂ ಭಾರವಾದರೆ ಎಲ್ಲಿ ಕತ್ತರಿಸಬೇಕು ಎಂಬುದಕ್ಕೂ ಒಂದು ಕ್ರಮವಿದೆ. ಬದುಕಿ ಉಳಿದರೆ ಕಟ್ಟಿದ ಪ್ರೀಮಿಯಂ ವಾಪಸು ಎನ್ನುವ ಸೌಲಭ್ಯವನ್ನು ಮೊದಲು ತೆಗೆದುಹಾಕಿ. ಅದು ನಿಮ್ಮದೇ ಹೆಚ್ಚುವರಿ ಹಣವನ್ನು ವರ್ಷಗಟ್ಟಲೆ ಇಟ್ಟುಕೊಂಡು ಹಿಂತಿರುಗಿಸುವ ಏರ್ಪಾಡು. ಆಮೇಲೆ ಅಪಘಾತ ಮರಣದ ರೈಡರ್ (ರೈಡರ್ ಎಂದರೆ ಮೂಲ ಪಾಲಿಸಿಗೆ ಹೆಚ್ಚುವರಿ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳುವ ರಕ್ಷಣೆ), ಏಕೆಂದರೆ ಮರಣ ಹೇಗೆ ಬಂದರೂ ಸಾಲದ ಮೊತ್ತ ಅಷ್ಟೇ. ಅದೂ ಸಾಲದಿದ್ದರೆ ವಿಮಾ ಮೊತ್ತವನ್ನು ಸ್ವಲ್ಪ ಇಳಿಸಿ. ಅವಧಿಯನ್ನು ಮಾತ್ರ ಕತ್ತರಿಸಬೇಡಿ. ಗಂಭೀರ ಕಾಯಿಲೆಯ ರೈಡರ್ ಅನ್ನು, ಸಾಧ್ಯವಾದರೆ, ಉಳಿಸಿಕೊಳ್ಳಲು ಯತ್ನಿಸಿ. ದುಡಿಯುವ ವಯಸ್ಸಿನಲ್ಲಿ ಕಂತು ನಿಲ್ಲಿಸುವುದರಲ್ಲಿ ಕಾಯಿಲೆಯ ಪಾಲು ದೊಡ್ಡದು.

ಹಂತ 6: ಆರೋಗ್ಯದ ಅರ್ಜಿಯನ್ನು ನೀವೇ ತುಂಬಿ

ಮಾರುವವರು ಸಮಯ ಉಳಿಸಲೆಂದು ಎಲ್ಲ ಪ್ರಶ್ನೆಗಳಿಗೂ ಇಲ್ಲ ಎಂದು ಗುರುತು ಹಾಕಿ, ಸಹಿಗಷ್ಟೇ ಕಾಗದ ಮುಂದಿಡುವುದುಂಟು. ಸಹಿ ನಿಮ್ಮದಾದ ಮೇಲೆ ಉತ್ತರವೂ ನಿಮ್ಮದೇ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದು ಅದನ್ನು ಬರೆಯದಿದ್ದರೆ, ಉಳಿದ ಪ್ರೀಮಿಯಂ ಎಲ್ಲವನ್ನೂ ಪ್ರಾಮಾಣಿಕವಾಗಿ ಕಟ್ಟಿದ್ದರೂ ಕ್ಲೇಮ್ ಬಂದಾಗ ಕಂಪನಿ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತೆಗೆಸಿ ನೋಡುತ್ತದೆ. ಆಗ ಉತ್ತರ ಹೇಳಲು ಸಹಿ ಹಾಕಿದವರು ಇರುವುದಿಲ್ಲ.

ಪ್ರಶ್ನೆಗಳು ಕಡಿಮೆ ಇರುವ ಪಾಲಿಸಿ ಸುಲಭವೆಂದು ತೋರುತ್ತದೆ. ಒಂದೇ ಸಾಲಿನಲ್ಲಿ ನಾನು ಆರೋಗ್ಯವಾಗಿದ್ದೇನೆ ಎಂಬ ಘೋಷಣೆ ಬರೆಸಿಕೊಳ್ಳುವ ಗುಂಪು ಪಾಲಿಸಿಗಳಲ್ಲಿ ಅಪಾಯ ಹೆಚ್ಚು, ಏಕೆಂದರೆ ಆ ಮಾತಿನ ಅರ್ಥವೇನೆಂಬ ವಾದ ನಡೆಯುವುದು ಕ್ಲೇಮಿನ ಹೊತ್ತಿನಲ್ಲಿ. ಹೆಚ್ಚು ಪ್ರಶ್ನೆ ಕೇಳಿ, ಪರೀಕ್ಷೆ ಮಾಡಿಸಿ, ಬೇಕಾದರೆ ಹೆಚ್ಚು ಪ್ರೀಮಿಯಂ ಹಾಕಿ ಒಪ್ಪಿಕೊಳ್ಳುವ ಕಂಪನಿಯೇ ಮೇಲು. ಕಷ್ಟವೆಲ್ಲ ಮೊದಲೇ ಮುಗಿದಿರುತ್ತದೆ. ಮೊದಲೇ ಇದ್ದ ಕಾಯಿಲೆಗೆ ರಕ್ಷಣೆ ಇಲ್ಲ ಎಂಬ ವಾಕ್ಯ ಇದೆಯೇ ಎಂದೂ ಹುಡುಕಿ ನೋಡಿ.

ತಂಬಾಕಿನ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಜಾರಿಕೆ ಜಾಸ್ತಿ. ಸಾಮಾನ್ಯವಾಗಿ ಕಳೆದ 12 ತಿಂಗಳಲ್ಲಿ ನಿಕೋಟಿನ್ ಸೇವಿಸಿದವರನ್ನು ಸೇದುವವರೆಂದೇ ಪರಿಗಣಿಸುತ್ತಾರೆ. ಅಗಿಯುವ ತಂಬಾಕು, ಇ-ಸಿಗರೇಟು, ಅನೇಕ ಕಂಪನಿಗಳಲ್ಲಿ ನಿಕೋಟಿನ್ ಗಮ್ ಕೂಡ ಇದರಲ್ಲಿ ಸೇರುತ್ತದೆ. ನಿಕೋಟಿನ್ ದೇಹದಲ್ಲಿ ಮಾರ್ಪಟ್ಟು ಆಗುವ ಕೊಟಿನಿನ್ ಎಂಬ ವಸ್ತುವನ್ನು ರಕ್ತ ಅಥವಾ ಮೂತ್ರದಲ್ಲಿ ಹುಡುಕುವ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ಬಿಟ್ಟು ವರ್ಷವಾದ ಮೇಲೆ ದರ ಪರಿಷ್ಕರಿಸಲು ಅರ್ಜಿ ಹಾಕಬಹುದೇ ಎಂದು ಕೇಳಿಟ್ಟುಕೊಳ್ಳಿ.

ತುಂಬಿದ ಅರ್ಜಿಯ ಪ್ರತಿ, ಪರೀಕ್ಷಾ ವರದಿಗಳ ಪ್ರತಿ ನಿಮ್ಮ ಕಡತದಲ್ಲಿರಲಿ. ಅರ್ಜಿ ಕೊಟ್ಟ ಮೇಲೆ, ಪಾಲಿಸಿ ಜಾರಿಯಾಗುವ ಮೊದಲು, ಹೊಸ ಕಾಯಿಲೆ ಪತ್ತೆಯಾದರೆ ಅದನ್ನೂ ಬರೆದು ತಿಳಿಸಬೇಕು. ಈ ಮಧ್ಯಂತರವನ್ನು ಬಹುತೇಕರು ಮರೆಯುತ್ತಾರೆ.

ಅರ್ಜಿ ಹಿಂದಕ್ಕೆ ಸರಿಸಬೇಕಾದ ಸೂಚನೆಗಳು

ವಿಮೆ ತೆಗೆದುಕೊಳ್ಳದಿದ್ದರೆ ಸಾಲ ತಡವಾಗುತ್ತದೆ ಎಂಬ ಮಾತು ಬಂದು ಅದನ್ನು ಬರಹದಲ್ಲಿ ಕೊಡಲು ಹಿಂಜರಿದರೆ, ಪ್ರೀಮಿಯಂ ಎಷ್ಟೆಂದು ಹೇಳದೆ ಕಂತು ಇಷ್ಟೇ ಹೆಚ್ಚುತ್ತದೆ ಎಂದರೆ, ಖಾಲಿ ಅರ್ಜಿಗೆ ಸಹಿ ಕೇಳಿದರೆ, ವಿಮೆಯ ಹೆಸರಿನಲ್ಲಿ ಉಳಿತಾಯ ಅಥವಾ ಷೇರು ಹೂಡಿಕೆಯ ಯೋಜನೆ ಮುಂದಿಟ್ಟರೆ, ಅಲ್ಲಿ ಸಹಿ ಹಾಕಬೇಡಿ. ಬ್ರಿಟನ್ನಿನಲ್ಲಿ ಸಾಲಗಳ ಜೊತೆ ಕಂತು ರಕ್ಷಣೆಯ ವಿಮೆಯನ್ನು, ಕ್ಲೇಮ್ ಮಾಡುವ ಅರ್ಹತೆಯೇ ಇಲ್ಲದವರಿಗೂ, ದೊಡ್ಡ ಪ್ರಮಾಣದಲ್ಲಿ ಮಾರಲಾಗಿತ್ತು; ಪರಿಹಾರ ಕೇಳಿ ದೂರು ಕೊಡಲು ಅಲ್ಲಿನ ನಿಯಂತ್ರಕರು 2019ರ ಆಗಸ್ಟ್ 29ನ್ನು ಕೊನೆಯ ದಿನವಾಗಿ ನಿಗದಿ ಮಾಡಬೇಕಾಯಿತು. ಸ್ವಂತ ಉದ್ಯೋಗದವರಿಗೆ ಕೆಲಸ ಹೋದರೆ ಹಣ ಕೊಡುವ ಪಾಲಿಸಿ ಮಾರಿದ್ದು ಅಲ್ಲಿನ ದೂರುಗಳಲ್ಲಿ ಒಂದು. ನಿಮ್ಮ ಉದ್ಯೋಗದ ಬಗೆಗೆ ಈ ಪಾಲಿಸಿ ಹಣ ಕೊಡುತ್ತದೆಯೇ ಎಂಬ ಪ್ರಶ್ನೆ ಎಲ್ಲೆಡೆಯೂ ಕೇಳಬೇಕಾದದ್ದು.

ಹಂತ 7: ಹಣ ಯಾರ ಕೈಗೆ ಹೋಗುತ್ತದೆ ಎಂದು ಓದಿ

ಸಾಲದಾತರ ಮೂಲಕ ಬರುವ ವಿಮೆ ಬಹುಮಟ್ಟಿಗೆ ಗುಂಪು ಪಾಲಿಸಿ. ಮೂಲ ಪಾಲಿಸಿ ಸಾಲದಾತರ ಹೆಸರಿನಲ್ಲಿರುತ್ತದೆ, ನಿಮಗೆ ಸಿಗುವುದು ಪ್ರಮಾಣಪತ್ರ. ಬಡ್ಡಿ ಕಡಿಮೆಯೆಂದು ಸಾಲವನ್ನು ಬೇರೆ ಸಂಸ್ಥೆಗೆ ವರ್ಗಾಯಿಸಿದಾಗ ಈ ವಿಮೆ ನಿಂತುಹೋಗಬಹುದು. ಅದರ ಷರತ್ತನ್ನು ಮೊದಲೇ ಓದಿ. ಸ್ವಂತ ಪಾಲಿಸಿ ನಿಮ್ಮನ್ನು ಹಿಂಬಾಲಿಸುತ್ತದೆ, ಸಾಲ ಎಲ್ಲಿಗೆ ಹೋದರೂ.

ಸ್ವಂತ ಪಾಲಿಸಿಯನ್ನು ಸಾಲದಾತರ ಹೆಸರಿಗೆ ಅಸೈನ್ ಮಾಡಿಕೊಡುವಂತೆ, ಅಂದರೆ ಪಾಲಿಸಿಯ ಹಣದ ಹಕ್ಕನ್ನು ಅವರಿಗೆ ಬರೆದುಕೊಡುವಂತೆ, ಕೇಳಿದರೆ, ಬಾಕಿಯಷ್ಟು ಅವರಿಗೆ, ಮಿಕ್ಕದ್ದು ವಾರಸುದಾರರಿಗೆ ಎಂಬ ಮಾತು ಸ್ಪಷ್ಟವಾಗಿರಲಿ. ಷರತ್ತೇ ಇಲ್ಲದಿದ್ದರೆ ಅಸೈನ್ ಮಾಡಬೇಡಿ, ನಾಮಿನಿಯನ್ನಷ್ಟೇ ನಮೂದಿಸಿ. ಹಣ ಕುಟುಂಬದ ಕೈಗೆ ಬಂದರೆ ಸಾಲ ತೀರಿಸಬೇಕೋ, ಸ್ವಲ್ಪ ಕಾಲ ಕಂತು ನಡೆಸಿ ಬೇರೆ ಅಗತ್ಯ ನೋಡಬೇಕೋ ಎಂಬ ನಿರ್ಧಾರ ಅವರದ್ದಾಗುತ್ತದೆ.

ಪಾಲಿಸಿ ಕೈಸೇರಿದ ಮೇಲೆ ಅದನ್ನು ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಲು ಹಲವು ದೇಶಗಳಲ್ಲಿ ಒಂದು ಸಣ್ಣ ಗಡುವು ಇರುತ್ತದೆ. ಬಂದ ದಿನಾಂಕವನ್ನು ಲಕೋಟೆಯ ಮೇಲೆ ಬರೆದಿಡಿ. ಆ ಗಡುವಿನೊಳಗೆ ಹೆಸರು, ಜನ್ಮದಿನಾಂಕ, ವಿಮಾ ಮೊತ್ತ, ಅವಧಿ, ಹೊರತುಪಡಿಸಿದ ಕಾರಣಗಳು, ಗಂಭೀರ ಕಾಯಿಲೆಯ ವ್ಯಾಖ್ಯೆ, ಕಾಯುವ ಅವಧಿ ಇವನ್ನು ಅರ್ಜಿಯೊಂದಿಗೆ ತಾಳೆ ನೋಡಿ.

ಹಂತ 8: ದಿನಾಂಕಗಳನ್ನು ಹೊಂದಿಸಿ

ವಿಮೆ ಜಾರಿಯಾಗುವ ದಿನ ಸಾಲ ಬಿಡುಗಡೆಯ ದಿನಕ್ಕಿಂತ ಮುಂಚೆ ಇರಬೇಕು, ಅದೇ ದಿನವಾದರೂ ಆದೀತು. ಖರೀದಿ ಕರಾರಿಗೆ ಸಹಿ ಹಾಕಿದ ಕ್ಷಣದಿಂದಲೇ ಹೊಣೆ ಹುಟ್ಟುವ ಕಡೆಗಳಲ್ಲಿ ಆ ದಿನಕ್ಕೇ ವಿಮೆ ಇರುವಂತೆ ನೋಡಿಕೊಳ್ಳಿ. ಕಟ್ಟುತ್ತಿರುವ ಮನೆಗೆ ಸಾಲ ಹಂತ ಹಂತವಾಗಿ ಬಿಡುಗಡೆಯಾಗುತ್ತದೆ. ಇಳಿಯುವ ಪಾಲಿಸಿ ಮೊದಲ ದಿನದಿಂದಲೇ ಇಳಿಯತೊಡಗಿದರೆ, ಸಾಲ ಪೂರ್ತಿ ಬಿಡುಗಡೆಯಾಗುವ ಹೊತ್ತಿಗೆ ವಿಮೆ ಆಗಲೇ ಕೆಳಗಿರುತ್ತದೆ. ಇಂಥಲ್ಲಿ ಸಮಮೊತ್ತದ ಪಾಲಿಸಿ ಬಿಟ್ಟರೆ ಬೇರೆ ದಾರಿ ಇಲ್ಲವೆಂದೇ ಹೇಳಬೇಕು.

ಹಳೆಯ ಪಾಲಿಸಿಯನ್ನು ಬದಲಾಯಿಸುತ್ತಿದ್ದರೆ, ಹೊಸದು ಜಾರಿಯಾದ ಪತ್ರ ಕೈಗೆ ಬರುವವರೆಗೆ ಹಳೆಯದರ ಪ್ರೀಮಿಯಂ ನಿಲ್ಲಿಸಬೇಡಿ. ಪ್ರೀಮಿಯಂ ಕಟ್ಟುವ ದಿನವನ್ನು ಸಂಬಳ ಬರುವ ದಿನದ ಮರುದಿನಕ್ಕೆ, ಬ್ಯಾಂಕ್ ಖಾತೆಯಿಂದ ತಾನಾಗಿಯೇ ಹೋಗುವಂತೆ ಮಾಡಿಸಿ.

ಹಂತ 9: ವರ್ಷಕ್ಕೊಮ್ಮೆ ಎರಡು ಅಂಕಿ, ಕೊನೆಗೆ ಎರಡು ಪತ್ರ

ಪ್ರತಿ ವರ್ಷ ಸಾಲದ ಖಾತೆಯ ವಿವರ ಬಂದಾಗ ಉಳಿದ ಅಸಲು ಮತ್ತು ಆ ದಿನದ ವಿಮಾ ಮೊತ್ತವನ್ನು ಪಕ್ಕಪಕ್ಕ ಬರೆಯಿರಿ. ಉಳಿದ ಕಂತುಗಳ ಸಂಖ್ಯೆಯನ್ನೂ ನೋಡಿ; ಅವಧಿ ಸದ್ದಿಲ್ಲದೆ ಲಂಬಿಸಿದ್ದರೆ ಅಲ್ಲಿ ಗೊತ್ತಾಗುತ್ತದೆ. ವಿಮೆಗಿಂತ ಸಾಲ ಮುಂದೆ ಹೋಗಿದ್ದರೆ ಕಂತು ಹೆಚ್ಚಿಸಿ ಅವಧಿಯನ್ನು ಮೊದಲಿನಷ್ಟಕ್ಕೆ ತರುವುದು ಹೊಸ ಪಾಲಿಸಿ ಕೊಳ್ಳುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಮದುವೆ, ಮಗು, ವಿಚ್ಛೇದನ, ಹೆಚ್ಚುವರಿ ಸಾಲ ಇವುಗಳಲ್ಲಿ ಯಾವುದಾದರೂ ಆದ ವರ್ಷ ನಾಮಿನಿಯ ಹೆಸರನ್ನೂ ಪರಿಶೀಲಿಸಿ. ಪಾಲಿಸಿ ಎಲ್ಲಿದೆ, ಯಾರಿಗೆ ಕರೆ ಮಾಡಬೇಕು ಎಂಬುದು ಮನೆಯ ಇನ್ನೊಬ್ಬರಿಗೆ ತಿಳಿದಿರಲಿ. ಪಾಲಿಸಿ ಇದೆಯೆಂದೇ ಗೊತ್ತಿಲ್ಲದ ಕುಟುಂಬ ಕ್ಲೇಮ್ ಮಾಡುವುದಾದರೂ ಹೇಗೆ?

ಸಾಲ ತೀರಿದಾಗ ಸಾಲದಾತರಿಂದ ಎರಡು ಪತ್ರ ಕೇಳಿ: ಬಾಕಿ ಇಲ್ಲ ಎಂಬುದೊಂದು, ಅಸೈನ್ ಮಾಡಿದ್ದ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮರಳಿ ಬಿಟ್ಟುಕೊಟ್ಟದ್ದು ಇನ್ನೊಂದು. ಎರಡನೆಯದನ್ನು ವಿಮಾ ಕಂಪನಿಯಲ್ಲಿ ದಾಖಲಿಸಿ ರಸೀದಿ ಪಡೆಯಿರಿ. ಒಂದೇ ಕಂತಿನ ಪ್ರೀಮಿಯಂ ಕಟ್ಟಿದ್ದು ಅವಧಿಗೆ ಮೊದಲೇ ಸಾಲ ತೀರಿಸಿದ್ದರೆ, ಉಳಿದ ಅವಧಿಯ ಪಾಲು ಹಣ ತಾನಾಗಿ ಬರುವುದೆಂದು ಕಾಯಬೇಡಿ. ಬಾಕಿ ಇಲ್ಲದ ಪತ್ರದ ಪ್ರತಿಯನ್ನು ಲಗತ್ತಿಸಿ, ಹಂತ 5ರಲ್ಲಿ ಬರೆಸಿಕೊಂಡ ಸೂತ್ರವನ್ನು ಉಲ್ಲೇಖಿಸಿ, ಅದೇ ವಾರ ಅರ್ಜಿ ಹಾಕಿ.